ಕೇಳದೆ ತೆಗೆದ ಫೋಟೋ

ಮದುವೆಮನೆಯ ಫೋಟೋಗ್ರಾಫರನ್ನು ಯಾರೋ ಕರೆದಿರುತ್ತಾರೆ. ಪತ್ರಿಕೆಯವನಿಗೆ ಸುದ್ದಿಯ ನೆಪವಿದೆ. ಆಧಾರ್ ಕೇಂದ್ರದಲ್ಲಿ ನಮ್ಮನ್ನು ಕ್ಯಾಮೆರಾದೆದುರು ಕೂರಿಸುವವನ ಬೆನ್ನಿಗೆ ಸರ್ಕಾರವಿದೆ. ಹವ್ಯಾಸಕ್ಕೆಂದು ದಿನಕ್ಕೊಂದು ಫೋಟೋ ತೆಗೆಯುವವಳನ್ನು ಮಾತ್ರ ಯಾರೂ ಕರೆದಿಲ್ಲ. ಅವಳು ತೆಗೆಯುವ ಫೋಟೋಕ್ಕಾಗಿ ಯಾರೂ ಕಾಯುತ್ತಲೂ ಇಲ್ಲ. ಒಂದು ದಿನ ತೆಗೆಯದೆ ಹೋದರೆ ಯಾರಿಗೂ ನಷ್ಟವಿಲ್ಲ. ಹಾಗಿರುವಾಗ, ತನ್ನ ಪಾಡಿಗೆ ತಾನು ಚಹಾ ಕುಡಿಯುತ್ತಿರುವ ಒಬ್ಬ ಮನುಷ್ಯನ ಮುಖವನ್ನು ತನ್ನ ಖುಷಿಗಾಗಿ ಎತ್ತಿಟ್ಟುಕೊಳ್ಳಲು ಅವಳಿಗೆ ಯಾವ ಹಕ್ಕಿದೆ?

ಈ ಪ್ರಶ್ನೆ ನನ್ನದೇ. ಎರಡು ವರ್ಷದಿಂದ ರಾಮನಗರದಲ್ಲಿ ದಿನಕ್ಕೊಂದು ಫೋಟೋ ತೆಗೆಯುತ್ತಿದ್ದೇನೆ. ‘ಶೋಲೆ’ಯ ಬಂಡೆಗಳ ರಾಮನಗರವಲ್ಲ, ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನದು. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಅನಮೋಡ ಘಟ್ಟ ಇಳಿಯುವ ಮುಂಚೆ ಸಿಗುವ ಊರು. ಪಿಎಚ್.ಡಿ. ಕೆಲಸಕ್ಕೆಂದು ಇಲ್ಲೊಂದು ಕೋಣೆ ಹಿಡಿದಿದ್ದೇನೆ. ನನ್ನ ಬಳಿ ದೊಡ್ಡ ಕ್ಯಾಮೆರಾ ಇಲ್ಲ, ಇರುವುದು ಫೋನು. ನಿಯಮವೂ ದೊಡ್ಡದಲ್ಲ: ದಿನಕ್ಕೆ ಒಂದೇ, ನಡೆದುಹೋಗುವಷ್ಟು ದೂರದಲ್ಲಿ, ತೆಗೆದದ್ದನ್ನು ಎಲ್ಲಿಯೂ ಹಾಕುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಬೆಳಕೇ ಇರುವುದಿಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನನ್ನ ಫೋಟೋಗಳಲ್ಲಿ ಅರ್ಧಕ್ಕರ್ಧ ಕೊಡೆಗಳು.

ಈ ಊರಿಗೂ ಫೋಟೋಕ್ಕೂ ಒಂದು ವಿಚಿತ್ರ ಸಂಬಂಧವಿದೆ. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ಊರಿತ್ತು, ಅದು ತಾಲ್ಲೂಕು ಕೇಂದ್ರವೂ ಆಗಿತ್ತು. 1970ರ ದಶಕದಲ್ಲಿ ಶುರುವಾಗಿ 1987ರಲ್ಲಿ ಮುಗಿದ, 101 ಮೀಟರ್ ಎತ್ತರದ ಅಣೆಕಟ್ಟು ಆ ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ಮುಳುಗಿಸಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಜನರಲ್ಲಿ ಅನೇಕರು ರಾಮನಗರಕ್ಕೆ ಬಂದರು. ತಾಲ್ಲೂಕನ್ನು ಹಳಬರು ಈಗಲೂ ಸೂಪಾ ಅಂತಲೇ ಕರೆಯುತ್ತಾರೆ. ನಾನು ಮಾತಾಡಿಸಲು ಹೋಗುವ ಮನೆಗಳಲ್ಲಿ ಆ ಊರಿನ ಫೋಟೋ ಕೇಳಿದರೆ ಹೆಚ್ಚಾಗಿ ಸಿಗುವುದು ಒಂದು ಮದುವೆಯ ಗುಂಪು ಚಿತ್ರ, ಇಲ್ಲವೇ ಪರದೆಯ ಮುಂದೆ ನಿಂತ ಸ್ಟುಡಿಯೋ ಚಿತ್ರ. ಮನೆ, ಹೊಳೆ, ದಾರಿ ಇರುವುದಿಲ್ಲ. ಒಬ್ಬ ಆಯಿ ಹೇಳಿದ್ದು: “ಮನೀದು ಯಾಕ ತಗಸ್ತಿದ್ವಿ ಬಾಳಾ? ಮನಿ ಅಲ್ಲೇ ಇತ್ತಲ್ಲ!”

ಈ ಮಾತು ಕೇಳಿದವರು ಯಾರೇ ಆದರೂ ತಕ್ಷಣ ಒಂದು ತೀರ್ಮಾನಕ್ಕೆ ಬರುತ್ತಾರೆ: ಹಾಗಾದರೆ ಎಲ್ಲವನ್ನೂ ತೆಗೆದಿಡಬೇಕು, ಮುಂದೆ ಬೇಕಾಗುತ್ತದೆ. ಹವ್ಯಾಸಿಗಳು ತಮ್ಮನ್ನು ಸಮರ್ಥಿಸಿಕೊಳ್ಳುವುದು ಹೆಚ್ಚಾಗಿ ಈ ಮಾತಿನಿಂದಲೇ. ನನಗೆ ಇದರ ಮೇಲೆ ಅಷ್ಟು ನಂಬಿಕೆಯಿಲ್ಲ. ‘ಮುಂದೆ ಬೇಕಾಗುತ್ತದೆ’ ಎಂಬುದು ಬಹಳ ಹಳೆಯ ಸಮರ್ಥನೆ. 1868ರಿಂದ 1875ರ ನಡುವೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಹೊರತಂದರು. ಈ ದೇಶದ ಜಾತಿ ಬುಡಕಟ್ಟುಗಳನ್ನೆಲ್ಲ ಫೋಟೋದಲ್ಲಿ ಹಿಡಿದಿಡುವ ಕೆಲಸ ಅದು. ಅಲ್ಲಿ ಮುಖವಿದೆ, ಮುಖದ ಕೆಳಗೆ ಜಾತಿಯಿದೆ, ಬಹಳಷ್ಟು ಕಡೆ ಹೆಸರಿಲ್ಲ. ದಾಖಲೆಯ ದೃಷ್ಟಿಯಿಂದ ಅದು ಇವತ್ತಿಗೂ ಉಪಯುಕ್ತ. ಆದರೆ ಅಲ್ಲಿ ನಿಂತವರಿಗೆ ಅದರಿಂದ ಏನು ಸಿಕ್ಕಿತು? ಸೂಪಾದವರ ವಿಷಯದಲ್ಲೂ ದಾಖಲೆಗೆ ಬರವಿರಲಿಲ್ಲ. ಅವರ ಗದ್ದೆ, ಮನೆ, ಮರಗಳನ್ನೆಲ್ಲ ಅಳೆದು ಎಣಿಸಿ ಬರೆದುಕೊಂಡೇ ಮುಳುಗಿಸಲಾಯಿತು. ಇಲ್ಲದೆ ಹೋದದ್ದು ಅವರ ಟ್ರಂಕಿನಲ್ಲಿ ಇಟ್ಟುಕೊಳ್ಳಬಹುದಾದ ಒಂದು ಚಿತ್ರ.

ಇನ್ನು ಕಾನೂನು. ಅದು ನನ್ನ ಪರವಾಗಿಯೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಮೇಲೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಮಟ್ಟಿನ ಬಳಕೆಗೆ ಇಟ್ಟುಕೊಳ್ಳುವ ಮಾಹಿತಿಗೆ ಅನ್ವಯಿಸುವುದಿಲ್ಲ. ಅಂದರೆ ನನ್ನ ಫೋನಿನೊಳಗಿನ ಮುಖಗಳ ಬಗ್ಗೆ ಯಾರೂ ನನ್ನನ್ನು ಕೇಳುವಂತಿಲ್ಲ. ಕೇಳುವವರಿಲ್ಲದಿರುವುದೇ ನನಗೆ ಇರುಸುಮುರುಸು.

ಯಾಕೆಂದರೆ ಅದೇ ಜನರನ್ನು ಸಂಶೋಧನೆಗಾಗಿ ಮಾತಾಡಿಸುವಾಗ ನಾನು ಒಪ್ಪಿಗೆಪತ್ರ ಹಿಡಿದು ಹೋಗುತ್ತೇನೆ. ಯಾಕೆ ಬಂದೆ, ಏನು ಮಾಡುತ್ತೇನೆ, ಯಾವಾಗ ಬೇಕಾದರೂ ನಿಲ್ಲಿಸಿ ಎನ್ನಬಹುದು ಎಂದೆಲ್ಲ ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತೇನೆ. ಇಲ್ಲಿ ಮನೆಮಾತು ಕೊಂಕಣಿ ಅಥವಾ ಮರಾಠಿ. ಕನ್ನಡದಲ್ಲಿ ಅಚ್ಚಾದ ಕಾಗದವನ್ನು ಮನೆಯ ಶಾಲೆ ಹುಡುಗಿ ಇನ್ನೊಮ್ಮೆ ಅವರ ಮಾತಿನಲ್ಲಿ ಹೇಳುತ್ತಾಳೆ. ಮಾತಿಗೆ ಇಷ್ಟೆಲ್ಲ ಬೇಕು, ಮುಖಕ್ಕೆ ಏನೂ ಬೇಡವೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಹಾಗೆ ಕೇಳುವಾಗ ಅವಳು ಒಪ್ಪಿಗೆಪತ್ರದ ಮೇಲೆ ಅತಿಯಾದ ನಂಬಿಕೆ ಇಟ್ಟಿದ್ದಳು. ಆ ಕಾಗದದ ಮೇಲೆ ಬೀಳುವ ಸಹಿ ಎಂಥದು ಎಂದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತು. ಮೇಡಂ ದೂರದಿಂದ ಬಂದಿದ್ದಾರೆ, ಚಹಾ ಆಗಿದೆ, ಇನ್ನು ಇಲ್ಲ ಅನ್ನುವುದು ಹೇಗೆ ಎಂದು ಹಾಕಿದ ಸಹಿಗಳೂ ಅದರಲ್ಲಿರುತ್ತವೆ. ಒಮ್ಮೆ ಪುನರ್ವಸತಿಯ ಕಾಗದಗಳಿಗೆ ಸಹಿ, ಹೆಬ್ಬೆಟ್ಟು ಒತ್ತಿದವರ ಊರಿದು. ಇಲ್ಲಿ ‘ಒಪ್ಪಿದ್ದಾರೆ’ ಎನ್ನುವ ಪದವನ್ನು ನಾನು ಸ್ವಲ್ಪ ಅಂಜಿಕೆಯಿಂದಲೇ ಬಳಸುತ್ತೇನೆ.

ಹಕ್ಕಿಯ ಫೋಟೋ ತೆಗೆಯುವವರಿಗೆ ಈ ತಾಪತ್ರಯವಿಲ್ಲ ಎಂದುಕೊಂಡಿದ್ದೆ. ದಾಂಡೇಲಿಗೆ ಮಂಗಟ್ಟೆ ಹಕ್ಕಿಗಾಗಿ ಉದ್ದನೆಯ ಲೆನ್ಸು ಹೊತ್ತು ಬರುವವರೊಡನೆ ಮಾತಾಡಿದಾಗ ಗೊತ್ತಾಯಿತು, ಅವರಲ್ಲೂ ಒಂದು ಕಟ್ಟುನಿಟ್ಟಿದೆ: ಗೂಡಿನ ಹತ್ತಿರ ಹೋಗಬಾರದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಿಂದ ಕೊಡಬೇಕು. ಮನುಷ್ಯರನ್ನು ಕಂಡು ಗಂಡು ಬರುವುದನ್ನು ಬಿಟ್ಟರೆ ಒಳಗಿನ ತಾಯಿ ಮರಿಗಳಿಗೆ ಉಪವಾಸ. ಹಕ್ಕಿಯ ಒಪ್ಪಿಗೆ ಕೇಳಲು ಬರುವುದಿಲ್ಲ, ಆದ್ದರಿಂದ ಅವರು ಕೇಳಿಕೊಳ್ಳುವುದು ಬೇರೆಯದೇ ಪ್ರಶ್ನೆ: ನಾನು ಹೋದಮೇಲೆ ಇಲ್ಲಿ ಏನಾಗುತ್ತದೆ? ನನಗೆ ಈ ಪ್ರಶ್ನೆ ಒಪ್ಪಿಗೆಪತ್ರದ ಪ್ರಶ್ನೆಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಅದನ್ನು ಹಿಡಿದು ನೋಡಿದರೆ ಹೆಸರಾಂತ ಚಿತ್ರಗಳೂ ಬೇರೆ ಥರ ಕಾಣುತ್ತವೆ. 1936ರ ಮಾರ್ಚ್‌ನಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಬಟಾಣಿ ಕೀಳುವ ಕೂಲಿಗಳ ಶಿಬಿರಕ್ಕೆ ಹೋಗಿ, ಮಕ್ಕಳ ನಡುವೆ ಕೂತ ತಾಯಿಯೊಬ್ಬಳ ಕೆಲವು ಚಿತ್ರ ತೆಗೆದು ಹೊರಟುಹೋದರು. ಹೆಸರು ಕೇಳಲಿಲ್ಲ. ‘ಮೈಗ್ರಂಟ್ ಮದರ್’ ಎಂದು ಜಗತ್ತೆಲ್ಲ ತಿಳಿದ ಚಿತ್ರ ಅದು. ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಹೊರಬಂದದ್ದು 1978ರಲ್ಲಿ; ಆ ಚಿತ್ರದಿಂದ ತನಗೇನೂ ಸಿಗಲಿಲ್ಲ, ತೆಗೆಯದಿದ್ದರೇ ಚೆನ್ನಾಗಿತ್ತು ಎಂಬ ಅರ್ಥದಲ್ಲಿ ಆಕೆ ಮಾತಾಡಿದಳು. ಲ್ಯಾಂಗ್ ಕೆಟ್ಟವರಲ್ಲ, ಆ ಚಿತ್ರ ಪ್ರಕಟವಾದ ಮೇಲೆ ಶಿಬಿರಕ್ಕೆ ಆಹಾರ ಹೋಯಿತು. ಅಷ್ಟರಲ್ಲಿ ಥಾಂಪ್ಸನ್ ಕುಟುಂಬ ಅಲ್ಲಿಂದ ಹೊರಟಾಗಿತ್ತು. ಬೇಡ ಎನ್ನಬೇಕಾದವಳ ಹೆಸರೇ ನಲವತ್ತೆರಡು ವರ್ಷ ಹೊರಬರಲಿಲ್ಲ.

ನಮ್ಮ ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳನ್ನು ಹುಡುಕಿಕೊಂಡು ಬರುವವರನ್ನು ನೋಡುವಾಗ ನನಗೆ ಈ ಕಥೆ ನೆನಪಾಗುತ್ತದೆ. ‘ಭಾರತದೊಳಗಿನ ಆಫ್ರಿಕಾ’ ಎಂಬ ಅಡಿಬರಹ ಮೊದಲೇ ಸಿದ್ಧ, ಬೇಕಾಗಿರುವುದು ಮುಖ ಮಾತ್ರ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆಯಲು ವರ್ಷಗಟ್ಟಲೆ ಓಡಾಡಿದವರು ಅವರು. ಅವರ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟಿದೆ. ಶನಿವಾರ ಬಂದು ಭಾನುವಾರ ಹೋಗುವವರಿಗೆ ಅದು ಬೇಡ. ಅವರು ಕೇಳಿಯೇ ತೆಗೆಯುತ್ತಾರೆ, ಹಣವನ್ನೂ ಕೊಡುತ್ತಾರೆ. ಆದರೂ ಅದು ಸರಿ ಅನ್ನಿಸುವುದಿಲ್ಲ.

ದಿನವೂ ತೆಗೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಜೇಮೀ ಲಿವಿಂಗ್‌ಸ್ಟನ್ ಎಂಬ ಅಮೆರಿಕನ್ನನ ಚಿತ್ರಗಳಿಂದ. 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೊಲರಾಯ್ಡ್ ತೆಗೆಯುತ್ತ ಹೋದ, 1997ರ ಅಕ್ಟೋಬರ್ 25ರಂದು, ತನ್ನ ನಲವತ್ತೊಂದನೇ ಹುಟ್ಟುಹಬ್ಬದ ದಿನ ಸಾಯುವವರೆಗೆ. 6,000ಕ್ಕೂ ಹೆಚ್ಚು ಚಿತ್ರಗಳು. ದಿನಕ್ಕೆ ಒಂದೇ ಎಂದರೆ ಒಂದೇ. ಸಂಜೆ ಇನ್ನೂ ಒಳ್ಳೆಯದು ಕಣ್ಣಿಗೆ ಬಿದ್ದರೂ ಬಿಟ್ಟುಬಿಡುತ್ತಿದ್ದ ಎಂದು ಗೆಳೆಯರು ನೆನೆಯುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಎಷ್ಟೋ ಚಿತ್ರಗಳು ಸಾಧಾರಣ. ಊಟದ ಮೇಜು, ಗೆಳೆಯರ ಕಾಲು, ಮಸುಕು ಕಿಟಕಿ. ಆದರೆ ಅದೇ ಮುಖಗಳು ಮತ್ತೆಮತ್ತೆ ಬರುತ್ತವೆ, ವಯಸ್ಸಾಗುತ್ತವೆ. ಅವನು ಯಾರ ಚಿತ್ರ ತೆಗೆದನೋ ಅವರ ನಡುವೆಯೇ ಇದ್ದ. ತೆಗೆಯಬೇಡ ಎನ್ನುವವರಿಗೆ ಅವನು ನಾಳೆಯೂ ಸಿಗುತ್ತಿದ್ದ.

ಕೇಳಿ ತೆಗೆದೆನೋ ಕೇಳದೆ ತೆಗೆದೆನೋ ಎನ್ನುವುದಕ್ಕಿಂತ ತೆಗೆದ ಮೇಲೆ ಅವರ ಕೈಗೆ ಸಿಗುತ್ತೇನೋ ಇಲ್ಲವೋ ಎಂಬುದು ನನಗೀಗ ದೊಡ್ಡ ಪ್ರಶ್ನೆ. ರಾಮನಗರದ ಬಸ್‌ಸ್ಟ್ಯಾಂಡಿನ ಎದುರು ನಾನು ತೆಗೆದ ಮುಖ ನಾಳೆ ಬೆಳಿಗ್ಗೆ ಹಾಲು ತರುವಾಗ ಎದುರಾಗುತ್ತದೆ. “ನಿನ್ನೀದು ತೋರಸ್ರಿ” ಎನ್ನುತ್ತದೆ. ಚೆನ್ನಾಗಿ ಬಂದಿಲ್ಲ ಎನ್ನುತ್ತದೆ, ಅಳಿಸಿ ಎನ್ನುತ್ತದೆ, ಅಳಿಸುತ್ತೇನೆ. ಒಪ್ಪಿಗೆಪತ್ರದಲ್ಲಿ ‘ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು’ ಎಂದು ಅಚ್ಚಾಗಿರುವ ವಾಕ್ಯ ಇಲ್ಲಿ ಹಾಲಿನಂಗಡಿ ಮುಂದೆ ನಿಜವಾಗಿಯೂ ನಡೆಯುತ್ತದೆ. ಮೊದಲ ವರ್ಷ ನಾನು ‘ಮೇಡಂ’ ಆಗಿದ್ದೆ, ಯಾರೂ ಅಳಿಸಿ ಎಂದಿರಲಿಲ್ಲ. ‘ಅಕ್ಕಾ’ ಆದ ಮೇಲೆ ಶುರುವಾಯಿತು.

ಇದರಲ್ಲೂ ತೊಡಕಿದೆ. ಪರಿಚಯದವರಿಗೆ ಇಲ್ಲ ಎನ್ನುವುದು ಅಪರಿಚಿತರಿಗೆ ಇಲ್ಲ ಎನ್ನುವುದಕ್ಕಿಂತ ಕಷ್ಟ. ಮೇಲಾಗಿ, ಅವರ ಕೈಗೆ ಸಿಗುವುದು ಅಂದರೆ ಅವರು ಹೇಳಿದ್ದನ್ನೆಲ್ಲ ಒಪ್ಪಬೇಕಾಗುತ್ತದೆ.

ಹೋದ ವರ್ಷ ಚಾದಂಗಡಿಯ ಬೆಂಚಿನ ಮೇಲೆ ಬೀಡಿ ಹಿಡಿದು ನಗುತ್ತಿದ್ದ ಅಜ್ಜನೊಬ್ಬನ ಫೋಟೋ ತೆಗೆದಿದ್ದೆ. ಎರಡು ವರ್ಷದಲ್ಲಿ ತೆಗೆದದ್ದರಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ಅದೇ. ಆರು ತಿಂಗಳಿಗೆ ಅಜ್ಜ ತೀರಿಕೊಂಡ. ಹಾರ ಹಾಕಲು ಮನೆಯಲ್ಲಿ ಒಂದೂ ಹೊಸ ಫೋಟೋ ಇಲ್ಲವೆಂದು ಮಗ ನನ್ನಲ್ಲಿಗೆ ಬಂದ. ಕೊಟ್ಟೆ. “ಬೀಡಿ ತಗೀಬಹುದೇನ್ರಿ ಅಕ್ಕಾ? ಬಂದವರ ಮುಂದ ಸರಿ ಕಾಣಂಗಿಲ್ಲ” ಎಂದ. ನನಗೆ ಒಂದು ಕ್ಷಣ ಬಹಳ ಕಷ್ಟವಾಯಿತು. ಆ ಬೀಡಿ ಇಲ್ಲದಿದ್ದರೆ ಆ ನಗುವಿಲ್ಲ, ಅದು ಆ ಮನುಷ್ಯನೇ ಅಲ್ಲ ಎಂದು ವಾದ ಹೂಡುವಷ್ಟು ಮಾತು ಬಾಯಿಗೆ ಬಂದಿತ್ತು. ಆದರೆ ಯಾರ ಮುಂದೆ ವಾದಿಸುವುದು? ಅಪ್ಪನನ್ನು ಐವತ್ತು ವರ್ಷ ನೋಡಿದವನ ಮುಂದೆ, ಅಪ್ಪನನ್ನು ಬೆಂಚಿನ ಮೇಲೆ ಮಾತ್ರ ನೋಡಿದವಳು? ಸ್ಟುಡಿಯೋದವನು ಬೀಡಿ ತೆಗೆದ, ಹಿಂದಿನ ಚಾದಂಗಡಿ ತೆಗೆದು ನೀಲಿ ಹಾಕಿದ, ಅಂಗಿಯ ಮೇಲೊಂದು ಕೋಟು ತೊಡಿಸಿದ. ಬೆರಳು ಮಾತ್ರ ಹಾಗೇ ಉಳಿದಿವೆ. ದಿನಕಾರ್ಯಕ್ಕೆ ಹೋದಾಗ ನೋಡಿದೆ: ಅಜ್ಜ ಕೋಟು ಹಾಕಿಕೊಂಡು, ಎರಡು ಬೆರಳೆತ್ತಿ, ಏನೋ ಲೆಕ್ಕ ಹೇಳುವವನಂತೆ ನಗುತ್ತಿದ್ದಾನೆ. ಮನೆಯವರಿಗೆ ತೃಪ್ತಿಯಾಗಿತ್ತು. ನನ್ನ ಫೋನಿನಲ್ಲಿ ಬೀಡಿ ಇದೆ, ಅವರ ಗೋಡೆಯಲ್ಲಿ ಇಲ್ಲ. ಎರಡರಲ್ಲಿ ಯಾವುದು ಅವನದು ಎಂದು ತೀರ್ಪು ಕೊಡುವ ಹಂಬಲ ನನಗೆ ಹೋಗಿದೆ.

ಮುಂದಿನ ಜೂನ್ ಹೊತ್ತಿಗೆ ನನ್ನ ಕ್ಷೇತ್ರಕಾರ್ಯ ಮುಗಿಯುತ್ತದೆ. ಧಾರವಾಡಕ್ಕೆ ಹೋಗಿ ಕೂತು ಬರೆಯಬೇಕು. ಆಗ ನಾನು ನಾಳೆ ಸಿಗುವವಳಾಗಿರುವುದಿಲ್ಲ. ಎಲ್ಲ ಮುಖಗಳೂ ನನ್ನ ಜೊತೆ ಬರುತ್ತವೆ, ಅವರ ಬೇಡ ಎನ್ನುವ ದಾರಿ ಮುಚ್ಚಿಹೋಗುತ್ತದೆ. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತ 1,00,000ಕ್ಕೂ ಹೆಚ್ಚು ಚಿತ್ರ ತೆಗೆದ ವಿವಿಯನ್ ಮೇಯರ್ ಅವನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದಳು. ಗೋದಾಮಿನ ಬಾಡಿಗೆ ಕಟ್ಟಲಾಗದೆ 2007ರಲ್ಲಿ ಅವು ಹರಾಜಾದವು. ತೆಗೆದವಳನ್ನೂ ಕೇಳಲಿಲ್ಲ, ಅದರಲ್ಲಿದ್ದವರನ್ನೂ ಕೇಳಲಿಲ್ಲ.

ಹಾಗಾಗಿ ಈಗಲೇ ಪ್ರಿಂಟು ಹಾಕಿಸುತ್ತಿದ್ದೇನೆ. ಪೋಸ್ಟ್‌ಕಾರ್ಡ್ ಅಳತೆಯವು. ವಾರಕ್ಕೆ ಹತ್ತು ಹನ್ನೆರಡರಂತೆ ಹಂಚುತ್ತೇನೆ. ಫೋನಿನಲ್ಲಿ ಇಟ್ಟುಕೊಳ್ಳಲೇ ಬಿಡಲೇ ಎಂದು ಆಗ ಕೇಳುತ್ತೇನೆ. ಕಾಗದದ ಮೇಲೆ ತಮ್ಮನ್ನು ಕಂಡಮೇಲೆ ಬರುವ ಉತ್ತರ ಬೇರೆಯಾಗಿರುತ್ತದೆ. ಮೂವರು ಬಿಟ್ಟುಬಿಡಿ ಅಂದಿದ್ದಾರೆ. ಒಬ್ಬ ಇಟ್ಟುಕೊಳ್ಳಿ, ಆದರೆ ಹೆಂಡತಿಗೆ ತೋರಿಸಬೇಡಿ ಅಂದಿದ್ದಾನೆ. ಅದರಲ್ಲಿ ಅವನು ಬಸ್ಸಿಗೆ ಕಾಯುತ್ತಿದ್ದಾನೆ, ಬೇರೇನೂ ಇಲ್ಲ. ನಾನು ಕಾರಣ ಕೇಳಲಿಲ್ಲ.

ಸಂತೆಯಲ್ಲಿ ಸೊಪ್ಪು ಮಾರುವ ಮಾವಶಿಯೊಬ್ಬಳು ಎರಡು ವರ್ಷದಲ್ಲಿ ಒಮ್ಮೆಯೂ ತೆಗೆಯಲು ಬಿಟ್ಟಿಲ್ಲ. “ಇವತ್ತ ಬ್ಯಾಡ” ಎನ್ನುತ್ತಾಳೆ, ಪ್ರತಿ ಸಲವೂ ಇವತ್ತಿಗಷ್ಟೇ ಎನ್ನುವ ಹಾಗೆ. ಅಂಥ ಒಂದು ದಿನ ಅವಳನ್ನೇ ಕೇಳಿ ಅವಳ ತಕ್ಕಡಿಯ ಫೋಟೋ ತೆಗೆದಿದ್ದೆ. ಹೋದ ವಾರ ಅದರ ಪ್ರಿಂಟು ಕೊಟ್ಟೆ. ಕೈಯೊರೆಸಿಕೊಂಡು ತಗೊಂಡು, ಕಣ್ಣಿಂದ ದೂರ ಹಿಡಿದು ಬಹಳ ಹೊತ್ತು ನೋಡಿದಳು.

“ಇದು ಹಳೇ ತಕ್ಕಡಿ” ಅಂದಳು.