ಉತ್ತರವಿಲ್ಲದ ಬೈಗುಳ

ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಬೈಗುಳಕ್ಕೆ ದಂಡ ಗೊತ್ತುಮಾಡುವ ಒಂದು ಅಧ್ಯಾಯವಿದೆ. ವಾಕ್ಪಾರುಷ್ಯ ಎಂದು ಅದರ ಹೆಸರು. ಒಕ್ಕಣ್ಣನನ್ನು ಒಕ್ಕಣ್ಣ ಎಂದು, ಕುಂಟನನ್ನು ಕುಂಟ ಎಂದು ಹಂಗಿಸಿದವನಿಗೆ 3 ಪಣ ದಂಡ. ಕಣ್ಣು ನೆಟ್ಟಗಿರುವವನನ್ನು ಹಾಗೆ ಕರೆದರೆ, ಅಂದರೆ ಸುಳ್ಳು ಬೈದರೆ, 6 ಪಣ. ಇನ್ನು ಒಕ್ಕಣ್ಣನ ಎದುರು ನಿಂತು ಆಹಾ ಎಂಥ ಚೆಂದದ ಕಣ್ಣಪ್ಪ ನಿನ್ನದು ಎಂದು ಹೊಗಳಿದವನಿಗೆ 12 ಪಣ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದು ಸೇರಿದ ಓಲೆಗರಿಗಳನ್ನು ಓದಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದ ಮೇಲೆ ಅದರ ಗೂಢಚಾರರ ಬಗ್ಗೆ, ತೆರಿಗೆಯ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಈ ದಂಡದ ಪಟ್ಟಿಯ ಕಡೆ ಕಣ್ಣು ಹಾಯಿಸಿದವರು ಕಡಿಮೆ.

ದಂಡ ಹೀಗೇಕೆ ಏರುತ್ತದೆ? ಗ್ರಂಥ ಕಾರಣ ಹೇಳುವುದಿಲ್ಲ. ನನಗೆ ತೋಚುವ ಕಾರಣ ಇಷ್ಟು. ಇರುವ ಊನವನ್ನು ಆಡಿಕೊಂಡವನಿಗೆ 'ಹೌದು, ಅದಕ್ಕೇನೀಗ?' ಎನ್ನಬಹುದು. ಸುಳ್ಳು ಹೇಳಿದವನಿಗೆ ಕಣ್ಣು ಬಿಟ್ಟು ತೋರಿಸಬಹುದು. ಮೂದಲಿಸಿ ಹೊಗಳಿದವನಿಗೆ ಏನು ಹೇಳುವುದು? ರೇಗಿದರೆ 'ಹೊಗಳಿದರೂ ಸಿಟ್ಟೇ' ಎಂದು ಸುತ್ತ ನಿಂತವರು ನಗುತ್ತಾರೆ, ಸುಮ್ಮನಾದರೆ ಅವಮಾನ ಅಲ್ಲೇ ಉಳಿಯುತ್ತದೆ. ಮಾತು ನಯವಾದಷ್ಟೂ ಇಲ್ಲಿ ದಂಡ ಹೆಚ್ಚು. ಎದುರಿನವನಿಗೆ ಉತ್ತರಿಸುವ ದಾರಿ ಮುಚ್ಚಿದಷ್ಟೂ ಹೆಚ್ಚು. ಜಾಲತಾಣಗಳ ರಾಜಕೀಯ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. 'ಭಾಷೆ ಕೆಟ್ಟಿದೆ, ಸಂಸ್ಕಾರ ಹೋಯಿತು' ಎಂಬ ಗೋಳು ಮುಖ್ಯ ವಿಷಯವನ್ನೇ ತಪ್ಪಿಸಿಬಿಡುತ್ತದೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತಲ್ಲ, ಅದರ ಬಗ್ಗೆ ಫೇಸ್‌ಬುಕ್ಕಿನಲ್ಲಿ ನಡೆಯುವ ಮಾತುಕತೆ ಹೆಚ್ಚುಕಮ್ಮಿ ಹೀಗಿರುತ್ತದೆ. ಯಾರೋ ಒಬ್ಬರು ಬರೆಯುತ್ತಾರೆ: 'ಬೆಳಿಗ್ಗೆ ಎಂಟರ ಬಸ್ಸಲ್ಲಿ ಕಾಲಿಡೋಕೂ ಜಾಗ ಇಲ್ಲ. ಕಾಲೇಜು ಹುಡುಗ್ರು ಬಾಗಿಲಲ್ಲಿ ನೇತಾಡ್ತಾರೆ. ಒಂದೆರಡು ಟ್ರಿಪ್ ಜಾಸ್ತಿ ಮಾಡ್ರಪ್ಪ.' ಮೊದಲ ಉತ್ತರ: 'ಹೆಣ್ಮಕ್ಕಳು ಓಡಾಡಿದ್ರೆ ನಿಮಗ್ಯಾಕೆ ಉರಿ ಸಾರ್?' ಎರಡನೆಯದು: 'ಇವ್ನು ಭಕ್ತ, ಬಿಡಿ.' ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು: 'ಬಿಟ್ಟಿ ಭಾಗ್ಯಕ್ಕೆ ವೋಟು ಹಾಕಿದ ಗುಲಾಮರು ಅನುಭವಿಸಿ.' ಬರೆದವರು ಕಂಗಾಲಾಗಿ, 'ನಾನು ಯಾವ ಪಾರ್ಟಿಯವನೂ ಅಲ್ಲ, ಬಸ್ಸಿನ ವಿಷಯ ಕೇಳ್ದೆ ಅಷ್ಟೆ' ಎನ್ನುತ್ತಾರೆ. 'ಎಲ್ಲಾ ಭಕ್ತರೂ ಹಿಂಗೇ ಹೇಳೋದು' ಎಂಬಲ್ಲಿಗೆ ಅದೂ ಮುಗಿಯುತ್ತದೆ. ಆಮೇಲೆ ಉತ್ತರಗಳ ಸಾಲು ಎಷ್ಟು ಉದ್ದ ಬೆಳೆದರೂ ಟ್ರಿಪ್ಪಿನ ಮಾತು ಮತ್ತೆ ಬರುವುದಿಲ್ಲ. ಡಿಪೋದಲ್ಲಿ ಬಸ್ಸೆಷ್ಟಿವೆ, ಚಾಲಕರು ಸಾಲುತ್ತಾರೆಯೇ, ಸರ್ಕಾರ ಸಾರಿಗೆ ನಿಗಮಕ್ಕೆ ಕೊಡಬೇಕಾದ ದುಡ್ಡು ಹೊತ್ತಿಗೆ ಸರಿಯಾಗಿ ಕೊಡುತ್ತಿದೆಯೇ ಎಂದು ಕೇಳಬಹುದಿತ್ತು. ಯೋಜನೆಯ ಪರ ಇರುವವರೇ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು.

ಇಲ್ಲಿ ಯಾರೂ ಅಶ್ಲೀಲವಾಗಿ ಮಾತಾಡಿಲ್ಲ. ಮೊದಲ ಉತ್ತರ ಬರೆದವರಂತೂ 'ಸಾರ್' ಎಂದಿದ್ದಾರೆ. ನಮ್ಮಲ್ಲಿ ಏಕವಚನಕ್ಕೆ ಇಳಿಯುವುದೇ ದೊಡ್ಡ ಅಪರಾಧ. ಶಾಸಕನೊಬ್ಬ ಇನ್ನೊಬ್ಬನನ್ನು ಏಕವಚನದಲ್ಲಿ ಕರೆದರೆ ಮಾರನೆಯ ದಿನ ಪತ್ರಿಕೆಗೆ ಅದೇ ತಲೆಬರಹ. ಆದರೆ 'ನೀನು' ಎಂದವನು ಇನ್ನೂ ನನ್ನ ಜೊತೆಗೇ ಜಗಳವಾಡುತ್ತಿರುತ್ತಾನೆ. ನಾನು ಮರುಮಾತಾಡುತ್ತೇನೆಂದು ಗೊತ್ತಿದ್ದೇ ಬೈಯುತ್ತಾನೆ. 'ಇವ್ನು ಭಕ್ತ, ಬಿಡಿ' ಎಂದವನು ಮುಖ ತಿರುಗಿಸಿ ತನ್ನ ಕಡೆಯವರಿಗೆ ನನ್ನ ಸುದ್ದಿ ಹೇಳುತ್ತಿದ್ದಾನೆ. ನಾನು ಎದುರಿಗೇ ಇದ್ದರೂ ಆ ಮಾತುಕತೆಯಿಂದ ಹೊರಗೆ ಹೋಗಿಯಾಯಿತು.

ಕಳ್ಳ, ಸುಳ್ಳ, ಲಂಚಕೋರ ಎಂಬ ಹಳೆಯ ಬೈಗುಳಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಳ್ಳ ಎಂದರೆ 'ಯಾವಾಗ ಸುಳ್ಳು ಹೇಳಿದೆ, ತೋರಿಸು' ಎಂದು ಸೆರಗು ಸಿಕ್ಕಿಸಿ ನಿಲ್ಲಬಹುದು. ಒರಟಾದರೂ ಅದೊಂದು ಆರೋಪ. ಸಾಬೀತು ಮಾಡುವ ಹೊಣೆ ಬೈದವನ ಮೇಲಿರುತ್ತದೆ. ಭಕ್ತ, ಗುಲಾಮ, ಗಂಜಿ ಗಿರಾಕಿ, ಲದ್ದಿಜೀವಿ, ಅರ್ಬನ್ ನಕ್ಸಲ್ ಎಂಬ ಈಗಿನ ಹಣೆಪಟ್ಟಿಗಳು ನಾನು ಮಾಡಿದ ಯಾವುದೇ ಕೆಲಸದ ಮೇಲಿನ ಆರೋಪವಲ್ಲ. ಅವೆಲ್ಲ ಬೇರೆ ಬೇರೆ ಬಾಯಿಂದ ಹೇಳುವುದು ಒಂದನ್ನೇ: ನಿನ್ನ ಅಭಿಪ್ರಾಯ ನಿನ್ನದಲ್ಲ. ಭಕ್ತನಿಗೆ ಅದು ಭಕ್ತಿಯಿಂದ ಬಂದದ್ದು, ಗುಲಾಮನಿಗೆ ಯಜಮಾನನಿಂದ, ಗಂಜಿ ಗಿರಾಕಿಗೆ ಸರ್ಕಾರದ ಗಂಜಿಯಿಂದ. ಇವರಲ್ಲಿ ಯಾರೂ ಯೋಚಿಸಿ ಆ ಅಭಿಪ್ರಾಯಕ್ಕೆ ಬಂದಿಲ್ಲ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಅಲ್ಲಗಳೆದರೆ ಅದೇ ಸಾಕ್ಷಿ, ಸುಮ್ಮನಾದರೆ ಒಪ್ಪಿಗೆ.

ಬ್ರಿಟನ್ನಿನ ತತ್ವಶಾಸ್ತ್ರಜ್ಞ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ಬರೆದ ಒಂದು ಹೆಸರಾಂತ ಪ್ರಬಂಧದಲ್ಲಿ ಮನುಷ್ಯರನ್ನು ಕಾಣುವ ಎರಡು ಬಗೆಗಳನ್ನು ಬೇರ್ಪಡಿಸಿದ. ಒಬ್ಬನ ಮೇಲೆ ನಾನು ಸಿಟ್ಟಾದಾಗ, ಅವನು ತನ್ನ ನಡತೆಗೆ ತಾನೇ ಹೊಣೆ ಎಂದು ಒಪ್ಪಿಕೊಂಡಿರುತ್ತೇನೆ. ಅವನನ್ನು ಚಿಕಿತ್ಸೆ ಕೊಡಬೇಕಾದ, ಹತೋಟಿಯಲ್ಲಿಡಬೇಕಾದ ವಸ್ತುವಿನಂತೆ ನೋಡಲು ಶುರುಮಾಡಿದೆನೋ, ಆಗ ಸಿಟ್ಟೂ ಹೋಗುತ್ತದೆ, ವಾದವೂ ಹೋಗುತ್ತದೆ. ಈ ಲೆಕ್ಕದಲ್ಲಿ ಸಿಟ್ಟಿನೊಳಗೆ ಒಂದು ಗೌರವವಿದೆ. ಹಣೆಪಟ್ಟಿ ಹಚ್ಚುವವನು ಎಷ್ಟೇ ಕೂಗಾಡಿದರೂ ಅವನಿಗೆ ನಮ್ಮ ಮೇಲೆ ಆ ಅರ್ಥದ ಸಿಟ್ಟೂ ಇರುವುದಿಲ್ಲ. ನಮಗೊಂದು ರೋಗವಿದೆ, ಅದರ ಹೆಸರು ಅವನಿಗೆ ಗೊತ್ತಿದೆ, ಅಷ್ಟೆ.

ಜಗಳ ಹೀಗಾದದ್ದರಲ್ಲಿ ಜಾಲತಾಣದ ಕಂಪನಿಗಳ ಪಾಲೂ ಇದೆ. ಫೇಸ್‌ಬುಕ್ 2017ರಿಂದ ಕೆಲಕಾಲ ಸಿಟ್ಟಿನ ಮುಖಕ್ಕೆ ಲೈಕಿನ ಐದರಷ್ಟು ತೂಕ ಕೊಟ್ಟು, ಯಾವ ಬರಹ ಯಾರಿಗೆ ಕಾಣಬೇಕೆಂದು ಲೆಕ್ಕ ಹಾಕುತ್ತಿತ್ತು. ಆ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಇದು ಹೊರಬಿದ್ದದ್ದು 2021ರಲ್ಲಿ, ಕಂಪನಿಯೊಳಗಿನ ಕಾಗದಪತ್ರಗಳು ಸೋರಿಕೆಯಾದಾಗ. ಆದರೂ ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಕೈತಟ್ಟುವವರ ಗುಂಪು ಹಿಂದೆ ನಿಂತಿದ್ದರೆ ಎದುರಿನವನ ಕಡೆ ತಿರುಗಿ ಮಾತಾಡುವುದು ಯಾರಿಗೆ ಬೇಕು?

ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ನಿಜವಾಗಿಯೂ ದುಡ್ಡು ತೆಗೆದುಕೊಂಡು ಬರೆಯುವವರಿದ್ದಾರೆ. ಪಕ್ಷಗಳ ಐಟಿ ಸೆಲ್‌ಗಳು ಯಾರಿಗೂ ಗುಟ್ಟಲ್ಲ. ಒಂದೇ ವಾಕ್ಯ ಒಂದೇ ಕಾಗುಣಿತದ ತಪ್ಪಿನೊಂದಿಗೆ ಹತ್ತಾರು ಖಾತೆಗಳಲ್ಲಿ ಬರುವುದನ್ನು ಕಂಡವರಿಗೆ ಅನುಮಾನ ಬಾರದೆ ಇರುತ್ತದೆಯೇ? ಆದರೆ ಆ ಅನುಮಾನದಿಂದ ಏನು ಹೊರಡುತ್ತದೆ ನೋಡಿ. ಬಾಡಿಗೆಯವನ ಜೊತೆ ವಾದಿಸುವ ಋಣ ನನಗಿಲ್ಲ, ಎದ್ದು ಹೋಗಬಹುದು, ಬ್ಲಾಕ್ ಮಾಡಬಹುದು. ಅವನು ಹೇಳಿದ್ದು ಸುಳ್ಳು ಎಂದು ಮಾತ್ರ ಅದರಿಂದ ಹೊರಡುವುದಿಲ್ಲ. ಬಸ್ಸಿನಲ್ಲಿ ಜಾಗವಿಲ್ಲ ಎಂದು ಬಾಡಿಗೆಯವನು ಹೇಳಿದರೂ ಜಾಗವಿಲ್ಲದಿದ್ದರೆ ಇಲ್ಲ. ಇನ್ನು ಹೆಣ್ಣುಮಕ್ಕಳಿಗೆ ಬರುವ ಅತ್ಯಾಚಾರದ ಬೆದರಿಕೆಗಳನ್ನು ಈ ಚರ್ಚೆಯೊಳಗೆ ತರುವುದೇ ತಪ್ಪು. ಅದು ಪೊಲೀಸು ಠಾಣೆಯ ವಿಷಯ. ಅವರಿಗೆ 'ಸಮಾಧಾನದಿಂದ ಉತ್ತರ ಕೊಡಮ್ಮ' ಎಂದು ಬುದ್ಧಿ ಹೇಳುವವರು ತಮ್ಮ ಸಭ್ಯತೆಯನ್ನು ತಾವೇ ಇಟ್ಟುಕೊಳ್ಳಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಮೆತ್ತಗೆ ಮಾತಾಡು ಎಂದು ಹೇಳುವವರು ಯಾವಾಗಲೂ ಮೇಲೆ ಕುಳಿತವರು. ಕೌಟಿಲ್ಯನ ಅದೇ ಅಧ್ಯಾಯದಲ್ಲಿ ತನಗಿಂತ ಮೇಲಿನವರನ್ನು ಬೈದರೆ ದಂಡ ಇಮ್ಮಡಿ, ಕೆಳಗಿನವರನ್ನು ಬೈದರೆ ಅರ್ಧ. ನಾನು ಹೊಗಳಿದ ಅಳತೆಗೋಲಿನ ಇನ್ನೊಂದು ತುದಿ ಇದು, ಇದನ್ನು ಮುಚ್ಚಿಡುವಂತಿಲ್ಲ. ನಮ್ಮ ಕಾಲದ ಕಾನೂನೂ ಬೇರೆ ಹಾದಿ ಹಿಡಿಯಲಿಲ್ಲ. ಶಿವಸೇನೆಯ ಮುಖಂಡ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದೇಕೆಂದು 2012ರಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದ ಪಾಲ್ಘರದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಹಿಡಿದೊಯ್ದರು. ಆ ಬರಹದಲ್ಲಿ ಬೈಗುಳವೇ ಇರಲಿಲ್ಲ. ಹಾಕಿದ ಕಲಮುಗಳಲ್ಲೊಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ. ಕಿರಿಕಿರಿ ಮಾಡುವ ಮಾತನ್ನೂ ಅಪರಾಧವೆನ್ನುತ್ತಿದ್ದ ಕಲಮು ಅದು. ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಅದನ್ನು ರದ್ದುಮಾಡಿತು. ಸಭ್ಯತೆಯನ್ನು ಠಾಣೆಗೆ ವಹಿಸಿದರೆ ಮೊದಲು ಸಿಕ್ಕಿಬೀಳುವವರು ಯಾರು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನಮ್ಮದೇ ನೆಲದ ಪ್ರಸಂಗವೊಂದಿದೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸು ಸಂಪುಟದ ದಲಿತ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ದನಕ್ಕೆ ಹಾಕುವ ಬೂಸಾ. ಅದಕ್ಕಿಂತ ಒರಟು ಮಾತು ಬೇಕೆ? ರಾಜ್ಯದ ಕಾಲೇಜುಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಸಂಪುಟ ಬಿಡಬೇಕಾಯಿತು. ಈಗ ಹಿಂತಿರುಗಿ ನೋಡಿದರೆ, ಉತ್ತರಿಸಲು ಬರುವ ಮಾತಾಡಿದ್ದು ಬಸವಲಿಂಗಪ್ಪನವರೇ. ಯಾವ ಸಾಹಿತ್ಯ, ಯಾಕೆ ಬೂಸಾ, ಯಾರ ಬದುಕು ಅದರಲ್ಲಿ ಬಂದಿಲ್ಲ ಎಂದು ಅವರನ್ನು ಕೇಳಬಹುದಿತ್ತು. ಒಂದೊಂದೇ ಪುಸ್ತಕ ಮುಂದಿಟ್ಟು ಅವರು ಹೇಳಿದ್ದು ತಪ್ಪೆಂದು ತೋರಿಸಬಹುದಿತ್ತು. ಬೀದಿಗಿಳಿದವರಿಗೆ ಪುಸ್ತಕದ ಗೊಡವೆ ಇರಲಿಲ್ಲ, ಹೇಳಿದವನು ಯಾರು ಎಂಬುದಷ್ಟೇ ಸಾಕಾಗಿತ್ತು. ಅವರ ಪ್ರಶ್ನೆಯನ್ನು ಪ್ರಶ್ನೆಯಾಗಿ ತೆಗೆದುಕೊಂಡದ್ದು ಆ ಗಲಾಟೆಯ ನಂತರ ಬೆಳೆದ ದಲಿತ ಬರಹಗಾರರ ತಲೆಮಾರು.

ಆದ್ದರಿಂದ ಕಟುವಾದ ಮಾತಿನ ಪರವಾಗಿಯೇ ನಾನಿದ್ದೇನೆ. ತರ್ಕದ ಹಳೆಯ ಗ್ರಂಥವಾದ ನ್ಯಾಯಸೂತ್ರವೂ ಗೆಲ್ಲುವುದಕ್ಕಾಗಿ ಮಾಡುವ ಜಲ್ಪವನ್ನು, ಬರೀ ಕೆಡಹುವ ವಿತಂಡವನ್ನು ಪೂರ್ತಿ ತಳ್ಳಿಹಾಕಲಿಲ್ಲ. ಮೊಳಕೆಯ ಸುತ್ತ ಮುಳ್ಳಿನ ಬೇಲಿ ಹಾಕುವಂತೆ ಸತ್ಯವನ್ನು ಕಾಯುವ ಒಂದು ಕೆಲಸ ಅವಕ್ಕೂ ಇದೆ ಎಂದಿತು. ಬೇಲಿಯೊಳಗೆ ಮೊಳಕೆ ಇದೆಯೇ ಎಂದು ಹೋಗಿ ನೋಡಬೇಕಾದವರು ನಾವು.

ಬೇಲಿಯೊಳಗೆ ಮೊಳಕೆ ಇದ್ದ ಕಟುಮಾತಿಗೆ ಒಂದು ಉದಾಹರಣೆ ಅಂಬೇಡ್ಕರರ ಜಾತಿ ವಿನಾಶದ ಭಾಷಣ. ಅದರ ಕತೆ ಅನೇಕರಿಗೆ ಗೊತ್ತು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅವರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ನೋಡಿ ಗಾಬರಿಯಾಗಿ, ಕೆಲವು ಭಾಗ ತೆಗೆಯಿರಿ ಎಂದರು. ಅಂಬೇಡ್ಕರರು ಒಪ್ಪಲಿಲ್ಲ. ಸಮ್ಮೇಳನವೇ ನಿಂತುಹೋಯಿತು. 1936ರಲ್ಲಿ ಅವರೇ ದುಡ್ಡು ಹಾಕಿ ಆ ಭಾಷಣವನ್ನು ಅಚ್ಚು ಮಾಡಿಸಿದರು. ಅದರ ಒಂದೊಂದು ಪುಟವೂ ಸುಡುವಂಥದ್ದು. ಗಾಂಧೀಜಿ ಜುಲೈ ತಿಂಗಳ ಹರಿಜನ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆದರು. ಅಂಬೇಡ್ಕರರನ್ನು ಸಮಾಜ ಮರೆಯಲು ಅವರೇ ಬಿಡುವವರಲ್ಲ ಎಂಬ ಒಂದು ಚುಚ್ಚುಮಾತೂ ಅದರಲ್ಲಿತ್ತು. ಆದರೆ ಎಂಟಾಣೆಯ ಬೆಲೆ ಹೆಚ್ಚಾಯಿತು, ಎರಡಾಣೆ ಇಲ್ಲವೇ ಕಡೇಪಕ್ಷ ನಾಲ್ಕಾಣೆಗೆ ಇಳಿಸಿದರೆ ಒಳ್ಳೆಯದು ಎಂಬ ಸಲಹೆಯೂ ಇತ್ತು. ತಮ್ಮ ಧರ್ಮವನ್ನೇ ಕಟಕಟೆಗೆ ಹತ್ತಿಸಿದ ಪುಸ್ತಕವನ್ನು ಸುಧಾರಕರೆಲ್ಲ ಓದಬೇಕು ಎಂಬುದು ಅವರ ಆಸೆ.

ಮರುವರ್ಷ ಎರಡನೆಯ ಮುದ್ರಣ ತಂದಾಗ ಅಂಬೇಡ್ಕರರು ಗಾಂಧೀಜಿಯ ಬರಹವನ್ನೂ ಅದೇ ಪುಸ್ತಕಕ್ಕೆ ಸೇರಿಸಿದರು. ಅದರ ಜೊತೆ ತಮ್ಮ ಉತ್ತರ. ಆ ಉತ್ತರದಲ್ಲಿ ಮೆತ್ತನೆಯದು ಏನೂ ಇಲ್ಲ. ಪ್ರಚಾರದ ಆಸೆಯ ಚುಚ್ಚುಮಾತನ್ನು ಬೇಗನೆ ಮುಗಿಸಿ, ತಾವು ಭಾಷಣದಲ್ಲಿ ಎತ್ತಿದ ಅಂಶಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿದರು. ಗಾಂಧೀಜಿ ಎತ್ತಿದ ಅಂಶಗಳನ್ನೂ ಬಿಡಿಬಿಡಿಯಾಗಿ ಬರೆದರು. ತಮ್ಮ ಪಟ್ಟಿಯಲ್ಲಿ ಮಹಾತ್ಮರು ಮುಟ್ಟದೆ ಹೋದದ್ದೇನು ಎಂಬುದನ್ನು ಎತ್ತಿ ತೋರಿಸಿದರು. ಆಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡರು.