ವಿಜಯನಗರಕ್ಕಿಂತ ಕಿರಿಯ ಬೆಟ್ಟ

ಬೆಟ್ಟ ಎಂದ ಕೂಡಲೇ ಮನಸ್ಸು ಅದನ್ನು ಅನಾದಿಗೆ ಸೇರಿಸಿಬಿಡುತ್ತದೆ. ಅಜ್ಜನ ಅಜ್ಜನೂ ಅದನ್ನು ಕಂಡಿದ್ದ, ಮರಿಮಕ್ಕಳೂ ಕಾಣುತ್ತಾರೆ. ಊರು ಕಟ್ಟುತ್ತೇವೆ, ಊರು ಹಾಳಾಗುತ್ತದೆ, ಬೆಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಈ ನಂಬಿಕೆಯನ್ನು ಅಲುಗಾಡಿಸುವ ಬೆಟ್ಟವೊಂದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಎದುರು ಸಮುದ್ರದಲ್ಲಿದೆ. ಹೆಸರು ರಾಂಗಿಟೊಟೊ. ಈಗ ಕಾಣುವ ಅದರ ಮೈಯ ಬಹುಭಾಗ ರೂಪುಗೊಂಡದ್ದು ಸುಮಾರು 600 ವರ್ಷಗಳ ಹಿಂದೆ. ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆಯೆತ್ತಿದ್ದು 1336ರಲ್ಲಿ. ಎಂದರೆ ನಮ್ಮ ಪಾಳುಬಿದ್ದ ರಾಜಧಾನಿ ಆ ಬೆಟ್ಟಕ್ಕಿಂತ ವಯಸ್ಸಿನಲ್ಲಿ ದೊಡ್ಡದು!

ರಾಂಗಿಟೊಟೊ ಒಂದು ಪುಟ್ಟ ಗುರಾಣಿ ಜ್ವಾಲಾಮುಖಿ. ಎತ್ತರ ಬರೀ 260 ಮೀಟರ್, ಅಗಲ ಐದೂವರೆ ಕಿಲೋಮೀಟರ್. ಎಳೆಪಾಕ ಹರಡಿಕೊಳ್ಳುತ್ತದೆ, ಗಟ್ಟಿಪಾಕ ಗುಡ್ಡೆಯಾಗುತ್ತದೆ. ಲಾವಾದ ಗುಣವೂ ಅದೇ. ಇಲ್ಲಿ ಉಕ್ಕಿದ್ದು ತೆಳುವಾಗಿ ಹರಿಯುವ ಬಸಾಲ್ಟ್ ಲಾವಾ. ಅದು ಪದರದ ಮೇಲೆ ಪದರವಾಗಿ ಸುತ್ತಲೂ ಹರಿದು, ಬೋರಲು ಹಾಕಿದ ಗುರಾಣಿಯಂತಹ ಇಳಿಜಾರು ಕಟ್ಟಿತು. ಮೇಲೆ ಹೆಪ್ಪುಗಟ್ಟಿ ಒಳಗೆ ಹರಿದ ಕಡೆ ಲಾವಾ ಬರಿದಾದ ಬಳಿಕ ಸುರಂಗದಂತಹ ಗುಹೆಗಳು ಉಳಿದವು. ನೆತ್ತಿಯಲ್ಲಿ ಮಾತ್ರ ಚಿಮ್ಮಿದ ಕಿಟ್ಟಗಲ್ಲಿನ ಕಡಿದಾದ ದಿಬ್ಬಗಳಿವೆ. ಹೀಗಾಗಿ ನಗರದ ಯಾವ ಮೂಲೆಯಿಂದ ನೋಡಿದರೂ ಅದರ ಆಕಾರ ಹೆಚ್ಚುಕಡಿಮೆ ಒಂದೇ.

ಬೆಟ್ಟವೊಂದರ ಹುಟ್ಟನ್ನು ಕಂಡವರಿದ್ದಾರೆ ಎನ್ನುವುದೇ ಇಲ್ಲಿನ ಬೆರಗು. ಪಕ್ಕದ ಮೊಟುಟಾಪು ದ್ವೀಪದಲ್ಲಿ ಆಗಲೇ ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ವಸತಿಯಿತ್ತು. ಅಲ್ಲಿ ಜ್ವಾಲಾಮುಖಿಯ ಬೂದಿಯ ಪದರಗಳ ನಡುವೆ ಮನುಷ್ಯರ ಹೆಜ್ಜೆಗುರುತುಗಳು ಸಿಕ್ಕಿವೆ, ಜೊತೆಗೆ ನಾಯಿಗಳ ಹೆಜ್ಜೆಗಳೂ. ಒಂದು ಸಲ ಬೂದಿ ಸುರಿದು ನಿಂತ ಮೇಲೆ, ಇನ್ನೊಂದು ಸಲ ಸುರಿಯುವ ಮೊದಲು ಯಾರೋ ಅಲ್ಲಿ ಓಡಾಡಿದ್ದಾರೆ. ಭಯವನ್ನು ಬದಿಗಿಟ್ಟು ತಮ್ಮ ನೆಲದ ಗತಿ ಏನಾಯಿತೆಂದು ನೋಡಲು ಬಂದರೋ ಏನೋ. ಇನ್ನೊಂದು ಸೋಜಿಗವಿದೆ. ಮೊಟುಟಾಪುವಿನ ಅಡಿಯಲ್ಲಿರುವುದು ಡೈನೋಸಾರ್‌ಗಳ ಕಾಲದ ಬಂಡೆ. ಎರಡು ದ್ವೀಪಗಳ ನಡುವೆ ಈಗ ಕಿರಿದಾದ ಒಂದು ದಾರಿಯಿದೆ. ನಾಲ್ಕು ಹೆಜ್ಜೆ ನಡೆದರೆ ಕೋಟಿಗಟ್ಟಲೆ ವರ್ಷ ದಾಟಿದಂತೆ.

ರಾಂಗಿಟೊಟೊದಲ್ಲಿ ತೊರೆಯಿಲ್ಲ, ಹಳ್ಳವಿಲ್ಲ. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಬೇಸಗೆಯಲ್ಲಿ ಕಪ್ಪುಕಲ್ಲು ಕಾದ ಹೆಂಚಾಗುತ್ತದೆ. ಮಣ್ಣಂತೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಅಲ್ಲಿ ಕಾಡಿದೆ, ಅದೂ ಪೊಹುಟುಕಾವಾ ಮರಗಳ ಅತಿ ದೊಡ್ಡ ಕಾಡು. ಮೊದಲು ಕಲ್ಲುಹೂವು, ಹಾವಸೆ. ಆಮೇಲೆ ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಬೀಜ, ತೇವ ಹುಡುಕಿ ಕೆಳಗಿಳಿಯುವ ಒಂದು ಬೇರು. ಆ ಮರದ ನೆರಳಲ್ಲಿ ಬಿದ್ದ ಎಲೆ ಕೊಳೆತು, ಅದರ ಆಸರೆಯಲ್ಲಿ ಬೇರೆ ಗಿಡ ಚಿಗುರಿ, ಬರಿಗಲ್ಲಿನ ನಡುವೆ ಹಸಿರಿನ ನಡುಗಡ್ಡೆಗಳು ಬೆಳೆಯುತ್ತವೆ. ಬೇರೆ ಕಾಡುಗಳಲ್ಲಿ ಮರದ ಕೊಂಬೆಯ ಮೇಲೆ ಕೂತು ಬದುಕುವ ಸಸ್ಯಗಳು ಇಲ್ಲಿ ನೆಲದಲ್ಲೇ ನಿಂತಿವೆ. ಕಡಲಂಚಿನ ಕಾಂಡ್ಲಾ ಗಿಡಗಳು ನೇರ ಲಾವಾದ ಮೇಲೆಯೇ ಬೇರೂರಿವೆ. ಮಣ್ಣಿದ್ದರೆ ಮರ ಎಂದು ನಾವು ತಿಳಿದಿದ್ದೇವೆ. ಇಲ್ಲಿ ಮರ ಮೊದಲು ಬಂದು ತನ್ನ ಮಣ್ಣನ್ನು ತಾನೇ ಮಾಡಿಕೊಳ್ಳುತ್ತಿದೆ.

ಆಕ್ಲೆಂಡ್ ನಗರ ಕೂತಿರುವುದೇ ಐವತ್ತಕ್ಕೂ ಹೆಚ್ಚು ಜ್ವಾಲಾಮುಖಿಗಳ ಬಯಲಿನ ಮೇಲೆ. ಅವುಗಳಲ್ಲಿ ರಾಂಗಿಟೊಟೊ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕಿರಿಯದು. ಇಲ್ಲಿ ಸಾಮಾನ್ಯವಾಗಿ ಒಂದು ಬಾಯಿ ಮುಚ್ಚಿದರೆ ಮುಂದಿನದು ಬೇರೆಡೆ ತೆರೆದುಕೊಳ್ಳುತ್ತದೆ. ಬೆಟ್ಟ ತಣ್ಣಗಾಗಿರಬಹುದು, ಅದರ ತಾಯಿಬೇರು ಆರಿಲ್ಲ. ಭೂಕಂಪಮಾಪಕಗಳು ಹಗಲಿರುಳೂ ಆ ನೆಲಕ್ಕೆ ಕಿವಿಗೊಟ್ಟಿವೆ.

ನಮ್ಮ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಯ ಕರಿಕಲ್ಲೂ ಬಸಾಲ್ಟೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಡಿದ ಲಾವಾ ಅದು. ಬಿಸಿಲು, ಮಳೆ, ಬೇರುಗಳು ಆ ಕಲ್ಲನ್ನು ಕಡಿದು ಕಡಿದು ಜೋಳ, ಹತ್ತಿ, ತೊಗರಿ ಬೆಳೆಯುವ ಎರೆಭೂಮಿ ಮಾಡಿವೆ. ಆರುನೂರು ವರ್ಷ ಕಳೆದರೂ ರಾಂಗಿಟೊಟೊಕ್ಕೆ ಉಳುವಷ್ಟು ಮಣ್ಣು ಸಿಕ್ಕಿಲ್ಲ. ನಮ್ಮಲ್ಲಿ ಒಡ್ಡಿಲ್ಲದ ಹೊಲದ ಎರೆಮಣ್ಣು ಕೊಚ್ಚಿಹೋಗಲು ನಾಲ್ಕು ದೊಡ್ಡ ಮಳೆ ಸಾಕು. ಎರೆ ಹೊಲವುಳ್ಳವರು ಒಡ್ಡು ಹಾಕಿ, ಬದು ಕಟ್ಟಿ ಅದನ್ನು ಉಳಿಸಿಕೊಳ್ಳಬೇಕು. ಕಳೆದುಕೊಂಡ ಮೇಲೆ ಮತ್ತೆ ಮಾಡಿಕೊಳ್ಳುವಷ್ಟು ಆಯಸ್ಸು ಯಾವ ಮನೆತನಕ್ಕೂ ಇಲ್ಲ.