ಸ್ಟೀರಿಂಗ್ ಹಿಡಿದವನ ಅಹಿಂಸೆ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಹೆಸರು ಬರೆಸಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಕಾಡಿನೊಳಗೆ ಹೋಗಬಹುದು. ಜೀಪೇ ಆಗಬೇಕೆಂದಿಲ್ಲ, ಏರ್‌ಪೋರ್ಟಿನಲ್ಲಿ ಬಾಡಿಗೆಗೆ ಹಿಡಿದ ಪುಟ್ಟ ಕಾರೂ ಸಾಕು. 1926ರಲ್ಲಿ ಉದ್ಯಾನ ಘೋಷಣೆಯಾಗಿ, ಮರುವರ್ಷ ಪ್ರವಾಸಿಗರಿಗೆ ತೆರೆದಾಗ ಒಳಬಂದ ಕಾರುಗಳು ಮೂರೇ ಮೂರು. ಇಂದು ಅಲ್ಲಿ ಬೆಳಗಿನ ಜಾವ ಕ್ಯಾಂಪಿನ ಗೇಟು ತೆರೆಯುವ ಮೊದಲೇ ಸಾಲು ಕಟ್ಟಿರುತ್ತದೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣು ರಸ್ತೆಯಲ್ಲಿ 40. ರಸ್ತೆ ಬಿಟ್ಟು ಇಳಿಯುವಂತಿಲ್ಲ, ಗುರುತು ಮಾಡಿದ ಜಾಗಗಳಲ್ಲಲ್ಲದೆ ಬಾಗಿಲು ತೆರೆದು ಕಾಲೂರುವಂತಿಲ್ಲ, ಸಂಜೆ ಗೇಟು ಹಾಕುವುದರೊಳಗೆ ಮರಳಬೇಕು. ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಕಾರಿನೊಳಗಿರುವವರ ವಿವೇಚನೆಗೆ ಸೇರಿದ್ದು: ಎಲ್ಲಿ ತಿರುಗಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು. ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಹೀಗಿಲ್ಲ. ಅಲ್ಲಿ ಸಫಾರಿ ಎಂದರೆ ಅರಣ್ಯ ಇಲಾಖೆಯ ಅಥವಾ ಜಂಗಲ್ ಲಾಡ್ಜಸ್‌ನ ವಾಹನ, ಅದರ ಚಾಲಕ, ಅದರ ಹೊತ್ತು. ಈ ವ್ಯತ್ಯಾಸವನ್ನು ನಾವು ಸಾಮಾನ್ಯವಾಗಿ ಖರ್ಚು ಮತ್ತು ಅನುಕೂಲದ ಲೆಕ್ಕದಲ್ಲಿ ನೋಡುತ್ತೇವೆ. ಅದರಲ್ಲಿ ಒಂದು ಧರ್ಮಪ್ರಶ್ನೆಯೂ ಇದೆ. ಕೊಲ್ಲದೆ, ಮುಟ್ಟದೆ, ಬರಿದೇ ನೋಡಿ ಚಿತ್ರ ತೆಗೆದುಕೊಂಡು ಬರುವುದು ಅಹಿಂಸೆಯೇ?

ಹೌದು ಎನ್ನುವವರ ವಾದ ಸರಳವಾದದ್ದು, ತಳ್ಳಿಹಾಕುವಂಥದ್ದೂ ಅಲ್ಲ. ಇಂದು ಪ್ರವಾಸಿಗರು ಬೆರಳು ಮಡಿಚಿ ಎಣಿಸುವ ‘ಬಿಗ್ ಫೈವ್’ (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ಮೂಲದಲ್ಲಿ ಬೇಟೆಗಾರರ ಪಟ್ಟಿ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಅಪಾಯಕಾರಿಯಾದ ಐದು ಪ್ರಾಣಿಗಳು. ಪಟ್ಟಿ ಹಾಗೇ ಉಳಿದು ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದಿದೆ, ಇದು ಪ್ರಗತಿಯಲ್ಲವೇ ಎಂದು ಅವರು ಕೇಳುತ್ತಾರೆ. ಇಲ್ಲಿ ಕನ್ನಡ ಓದುಗರಿಗೆ ಜನ್ನನ ‘ಯಶೋಧರ ಚರಿತೆ’ ನೆನಪಾಗದೆ ಇರದು. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಒಂದು ತೊಟ್ಟು ರಕ್ತವೂ ಬೀಳುವುದಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಒದ್ದಾಡಬೇಕಾಗುತ್ತದೆ, ಏಕೆಂದರೆ ಕೊಲ್ಲುವ ಸಂಕಲ್ಪ ಅಲ್ಲಿ ಪೂರ್ತಿಯಾಗಿತ್ತು. ಹಾಗಾದರೆ ಕ್ಯಾಮೆರಾ ಎಂಬುದು ನಮ್ಮ ಕಾಲದ ಹಿಟ್ಟಿನ ಕೋಳಿಯೇ? ಹಾಗೆಂದುಬಿಡುವ ಆಸೆ ಆಗುತ್ತದೆ, ಆದರೆ ಅದು ನ್ಯಾಯವಲ್ಲ. ಯಶೋಧರನ ಕೈಯಲ್ಲಿದ್ದದ್ದು ಕೊಲೆಯ ಅನುಕರಣೆ. ಚಿರತೆಯ ಮೇಲೆ ಲೆನ್ಸ್ ತಿರುಗಿಸಿದವನಿಗೆ ಅದು ಬದುಕಿರುವುದೇ ಬೇಕು. ಸತ್ತ ಚಿರತೆಯ ಚಿತ್ರದಿಂದ ಅವನಿಗೆ ಆಗಬೇಕಾದ್ದೇನೂ ಇಲ್ಲ. ಸಂಕಲ್ಪದ ಹಿಂಸೆ ಇಲ್ಲಿಲ್ಲ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಜೈನ ಚಿಂತನೆ ಹಿಂಸೆಯನ್ನು ಸಂಕಲ್ಪದಲ್ಲಿ ಮಾತ್ರ ಹುಡುಕುವುದಿಲ್ಲ. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ವಿವರಿಸುವಾಗ ಪ್ರಮಾದದಿಂದ, ಅಂದರೆ ಎಚ್ಚರ ತಪ್ಪಿದ ಮನಸ್ಸು, ಮಾತು, ಮೈಗಳಿಂದ ಜೀವಕ್ಕೆ ಆಗುವ ಹಾನಿಯನ್ನೇ ಮುಂದಿಡುತ್ತದೆ. ಈ ವಿವರಣೆಯನ್ನು ಹಿಡಿದುಕೊಂಡು ಸಫಾರಿಯನ್ನು ನೋಡಿದರೆ ಚಿತ್ರವೇ ಬದಲಾಗುತ್ತದೆ. ಕ್ರೂಗರ್‌ನಲ್ಲಿ ಸ್ಕುಕುಜಾ ಕ್ಯಾಂಪಿನಿಂದ ಲೋವರ್ ಸಾಬಿ ಕ್ಯಾಂಪಿಗೆ ನದಿಯ ಪಕ್ಕದಲ್ಲೇ ಹೋಗುವ ರಸ್ತೆಯಲ್ಲಿ ಚಿರತೆಯೊಂದು ಮರದ ಕೊಂಬೆಯ ಮೇಲಿದೆ ಎನ್ನಿ. ಮೊದಲ ಕಾರು ನಿಲ್ಲುತ್ತದೆ. ಎದುರಿನಿಂದ ಬಂದದ್ದು ಅದರ ಪಕ್ಕಕ್ಕೆ ನಿಲ್ಲುತ್ತದೆ. ಮೂರನೆಯದು ಇವೆರಡರ ಸಂದಿಯಲ್ಲಿ ಮೂಗು ತೂರಿಸುತ್ತದೆ. ಆಮೇಲೆ ಹಿಂದಕ್ಕೆ ಬರುವವರು, ಮುಂದಕ್ಕೆ ನುಗ್ಗುವವರು, ಎಂಜಿನ್ ಆರಿಸದವರು, ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದವರು. ಇವರಲ್ಲಿ ಒಬ್ಬರಿಗೂ ಚಿರತೆಯ ಕೇಡು ಬೇಕಿಲ್ಲ. ಎಲ್ಲರ ಗಮನವೂ ಚಿರತೆಯ ಮೇಲೇ ಇದೆ. ಕಾಣದಿರುವುದು ಒಂದೇ, ತಮ್ಮ ಕಾರು. ಮೊಬೈಲಿನಲ್ಲಿ ಪ್ರಾಣಿಯ ಜಾಗ ತಿಳಿಸುವ ಆ್ಯಪ್‌ಗಳಿಂದ ವೇಗಮಿತಿ ಮುರಿಯುವುದು, ರಸ್ತೆಯಲ್ಲಿ ಪ್ರಾಣಿಗಳು ಸಾಯುವುದು, ನೂಕಾಟ ಎಲ್ಲ ಹೆಚ್ಚುತ್ತಿವೆ ಎಂದು 2016ರಲ್ಲಿ ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಉದ್ಯಾನಗಳ ಆಡಳಿತವೇ ದೂರಿತು. ಕೆನ್ಯಾದ ಮಸಾಯಿ ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿ ಇನ್ನೂ ಕಠೋರವಾಗಿದೆ. ಪ್ರವಾಸಿ ವಾಹನಗಳು ಕಡಿಮೆ ಇರುವ ಪ್ರದೇಶದ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.28 ಮರಿಗಳನ್ನು ಸಾಕಿ ಸ್ವತಂತ್ರ ಮಾಡಿದರೆ, ವಾಹನಗಳು ಹೆಚ್ಚಿರುವ ಕಡೆ ಆ ಸಂಖ್ಯೆ 0.21. ಯಾರೂ ಮರಿಗಳ ಮೇಲೆ ಗಾಡಿ ಹತ್ತಿಸಿದ್ದನ್ನು ಆ ಅಧ್ಯಯನ ಹೇಳುವುದಿಲ್ಲ. ಕಾರಣ ಬಹುಶಃ ಅದಕ್ಕಿಂತ ಮೆತ್ತಗಿನದು: ಕೆಟ್ಟುಹೋದ ಬೇಟೆ, ಬಿಟ್ಟು ಏಳಬೇಕಾಗಿ ಬಂದ ಊಟ, ಬಿಡುವಿಲ್ಲದ ಒತ್ತಡ. ಇದನ್ನು ಹಿಂಸೆ ಎನ್ನದಿದ್ದರೆ ಬೇರೆ ಹೆಸರು ಯಾವುದು?

ಇಲ್ಲಿ ಅನುಭವಸ್ಥರು ಒಂದು ಆಕ್ಷೇಪ ಎತ್ತುತ್ತಾರೆ. ಪ್ರಾಣಿಗಳಿಗೆ ಕಾರು ಅಭ್ಯಾಸವಾಗಿಬಿಟ್ಟಿದೆ, ಸಿಂಹಗಳು ಕಾರಿನ ನೆರಳಿನಲ್ಲೇ ಮಲಗುತ್ತವೆ, ನಿಮ್ಮದು ಅತಿ ಸೂಕ್ಷ್ಮ ಎನ್ನುತ್ತಾರೆ. ಸಿಂಹ ಮಲಗುವುದು ನಿಜ. ಆದರೆ ಅದು ಒಪ್ಪಿಕೊಂಡಿರುವುದು ಯಾರನ್ನು? 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಶೋಧಕರು ಕ್ರೂಗರ್ ಸೀಮೆಯ ನೀರಿನ ಹೊಂಡಗಳ ಬಳಿ ಕ್ಯಾಮೆರಾ ಮತ್ತು ಧ್ವನಿವರ್ಧಕ ಅಡಗಿಸಿಟ್ಟರು. ನೀರಿಗೆ ಬಂದ ಪ್ರಾಣಿಗಳಿಗೆ ಒಮ್ಮೆ ಸಿಂಹದ ದನಿ, ಒಮ್ಮೆ ನಾಯಿ ಬೊಗಳುವುದು ಅಥವಾ ಗುಂಡಿನ ಸದ್ದು, ಒಮ್ಮೆ ಮನುಷ್ಯರು ಶಾಂತವಾಗಿ ಮಾತಾಡಿಕೊಳ್ಳುವುದು ಕೇಳಿಸಿತು. ಕೂಗಾಟವಲ್ಲ, ಸಾಮಾನ್ಯ ಮಾತುಕತೆ. ಸಿಂಹದ ದನಿಗಿಂತ ಮನುಷ್ಯರ ಮಾತಿಗೆ ಪ್ರಾಣಿಗಳು ಓಡಿಹೋಗುವ ಸಂಭವ ಎರಡು ಪಟ್ಟಿತ್ತು. ನೀರು ಬಿಟ್ಟು ಹೋಗುವ ವೇಗ ಶೇಕಡಾ 40ರಷ್ಟು ಹೆಚ್ಚಿತ್ತು. ಸಂರಕ್ಷಿತ ಭೂಮಿ ಎಂದು ನಾವು ಹೆಮ್ಮೆಪಡುವ ಕಡೆಯಲ್ಲೇ ಈ ಭಯ. ಅಂದರೆ ಕಾರಿನ ಪಕ್ಕ ಮಲಗಿರುವ ಸಿಂಹ ನಮ್ಮನ್ನು ಸ್ನೇಹಿತರೆಂದು ಬಗೆದಿಲ್ಲ. ತಗಡಿನ ಆ ಆಕಾರದೊಳಗೆ ಮನುಷ್ಯ ಇದ್ದಾನೆ ಎಂಬುದು ಅದರ ಲೆಕ್ಕಕ್ಕೆ ಬಂದಿಲ್ಲ, ಅಷ್ಟೆ. ಬಾಗಿಲು ತೆರೆದು ಇಳಿದರೆ ಆ ಒಪ್ಪಂದ ಮುಗಿಯಿತು. ಫೋಟೊ ಹಾಕಿ ‘ಅದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು’ ಎಂದು ಬರೆಯುವವರು ಈ ಪ್ರಯೋಗವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇಷ್ಟಾದ ಮೇಲೂ ತಾವೇ ಕಾರು ಓಡಿಸಿಕೊಂಡು ಹೋಗುವ ಸಫಾರಿ, ಜೀಪಿನ ಸಫಾರಿಗಿಂತ ಧರ್ಮದೃಷ್ಟಿಯಿಂದ ಪ್ರಾಮಾಣಿಕವಾದದ್ದು ಎಂದೇ ನನ್ನ ವಾದ. ಜೈನರು ಕರ್ಮವನ್ನು ಮೂರು ಬಗೆಯಲ್ಲಿ ಎಣಿಸುತ್ತಾರೆ: ಕೃತ, ಕಾರಿತ, ಅನುಮೋದಿತ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ತಲೆದೂಗಿದ್ದು. ಮೂರರ ಹೊಣೆಯೂ ತನ್ನದೇ. ಜೀಪಿನಲ್ಲಿ ಕುಳಿತವನಿಗೆ ಮಧ್ಯದ ಬಗೆ ತುಂಬ ಹಿತವಾದ ಆಶ್ರಯ. ‘ಸ್ವಲ್ಪ ಮುಂದೆ ತಗೊಳ್ಳಿ, ಬೆಳಕು ಆ ಕಡೆಯಿಂದ ಚೆನ್ನಾಗಿದೆ’ ಎಂದು ಹೇಳಿದವನು ಅವನೇ, ಆದರೆ ಗಾಡಿ ತಂದು ಮರಿಯಾನೆಗೂ ತಾಯಿಗೂ ನಡುವೆ ನಿಲ್ಲಿಸಿದವನು ಡ್ರೈವರ್. ಕೊನೆಗೆ ಕೈಗಿಡುವ ಟಿಪ್ಸ್ ಕೂಡ ಅನುಮೋದನೆಯೇ. ನಾಳೆ ಬೇರೊಬ್ಬರಿಗೂ ಹೀಗೇ ಮಾಡು ಎಂದು ಹೇಳಿದಂತೆ. ಸ್ಟೀರಿಂಗ್ ತನ್ನ ಕೈಯಲ್ಲೇ ಇರುವವನಿಗೆ ಈ ಮರೆ ಇಲ್ಲ. ಎಷ್ಟು ಹತ್ತಿರ ಹೋದನೋ ಅಷ್ಟೂ ಅವನು ಒತ್ತಿದ ಆಕ್ಸಿಲರೇಟರಿನ ಫಲ. ಜೀಪಿನ ಚಾಲಕರಿಗೆ ತರಬೇತಿ ಇರುತ್ತದೆ, ಬಾಡಿಗೆ ಕಾರಿನವನು ಅನಾಡಿ, ಹಾನಿ ಅವನಿಂದಲೇ ಜಾಸ್ತಿ ಎನ್ನಬಹುದು. ಹಾನಿಯ ಮೊತ್ತದ ಪ್ರಶ್ನೆಯಾದರೆ ಅದೂ ಸರಿಯಿರಬಹುದು. ನಾನು ಮಾತಾಡುತ್ತಿರುವುದು ಹೊಣೆಯ ಬಗ್ಗೆ. ಅದು ಎಲ್ಲಿದೆ ಎಂದು ಕಾಣುವ ಜಾಗದಲ್ಲಿ ತಿದ್ದಿಕೊಳ್ಳುವುದೂ ಸಾಧ್ಯ.

ತಿದ್ದಿಕೊಳ್ಳುವುದು ಎಂದರೆ ಏನು ಎಂಬುದಕ್ಕೆ ಅದೇ ದೇಶದ ಇನ್ನೊಂದು ಉದ್ಯಾನ, ಆ್ಯಡೊ, ಒಳ್ಳೆಯ ಉದಾಹರಣೆ. ಅದು ಆನೆಗಳಿಗೆ ಹೆಸರಾದ ಕಾಡು. ಅಲ್ಲಿ ರಸ್ತೆಬದಿಯ ಫಲಕಗಳು ಸಗಣಿಹುಳಗಳಿಗೆ ದಾರಿ ಬಿಡಿ ಎನ್ನುತ್ತವೆ. ಈ ಜಾತಿಯ ಹುಳಕ್ಕೆ ಹಾರಲು ಬಾರದು. ಕಪ್ಪಗೆ, ದಪ್ಪಗೆ, ತನಗಿಂತ ದೊಡ್ಡ ಲದ್ದಿಯ ಉಂಡೆಯನ್ನು ಉರುಳಿಸಿಕೊಂಡು ರಸ್ತೆ ದಾಟುತ್ತದೆ. ದಾರಿಯ ಮೇಲೆ ಬಿದ್ದ ಆನೆಯ ಲದ್ದಿಯೊಳಗೂ ಇರಬಹುದು, ಆದ್ದರಿಂದ ಲದ್ದಿಯ ಮೇಲೆ ಚಕ್ರ ಹತ್ತಿಸಬೇಡಿ ಎಂಬ ಸೂಚನೆಯೂ ಇದೆ. ದೂರದ ಪೊದೆಯಲ್ಲಿ ಕಿವಿ ಅಲುಗಿದ್ದನ್ನು ಹುಡುಕುತ್ತಿರುವ ಕಣ್ಣಿಗೆ ಬಾನೆಟ್ಟಿನ ಮುಂದಿನ ಈ ಹುಳ ಕಾಣುವುದೇ ಇಲ್ಲ. ಜೈನ ಮುನಿಗಳ ಈರ್ಯಾ ಸಮಿತಿ ಕೇಳುವುದು ಇಂಥದೇ ನೋಟ: ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವವೂ ಕಾಲಿಗೆ ಸಿಗದಂತೆ ಹೆಜ್ಜೆ ಇಡುವುದು. ಅಲ್ಲಿಯೂ ಕಣ್ಣಿಗೆ ಕೆಲಸವಿದೆ, ಇಲ್ಲಿಯೂ ಇದೆ. ಒಂದು ನೋಟ ಸಿಕ್ಕೀತೇ ಎಂದು ನೋಡುತ್ತದೆ, ಇನ್ನೊಂದು ತನ್ನಿಂದ ಏನಾದರೂ ಆದೀತೇ ಎಂದು. ಕಾರೋಡಿಸುವ ಛಾಯಾಗ್ರಾಹಕನಿಗೆ ಎರಡೂ ಬೇಕು, ಎರಡನೆಯದು ಮೊದಲು ಬೇಕು. ಇದು ಸನ್ಯಾಸಿಗಳ ವ್ರತ, ರಜೆಗೆ ಬಂದವರ ಮೇಲೆ ಏಕೆ ಹೇರುತ್ತೀರಿ ಎಂದರೆ, ಗಂಟೆಗೆ 40 ಎಂಬ ಮಿತಿ ಇರುವುದೂ ಅದಕ್ಕೇ ಎಂಬುದು ನನ್ನ ಉತ್ತರ. ವ್ರತವನ್ನು ಸಾರಿಗೆ ನಿಯಮವಾಗಿ ಬರೆದಿದ್ದಾರೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಜೈನ ಶಾಸ್ತ್ರದಿಂದಲೇ ಬರುತ್ತದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥರಿಗೆ ಹೇಳಿದ ಗ್ರಂಥ. ನಿಷ್ಫಲವಾಗಿ ತಾನು ಅಲೆಯುವುದು, ಇತರರನ್ನು ಅಲೆಸುವುದು ಎರಡನ್ನೂ ಅದು ಅನರ್ಥದಂಡದ ಪಟ್ಟಿಗೆ, ಎಂದರೆ ಪ್ರಯೋಜನವಿಲ್ಲದ ಹಿಂಸೆಯ ಪಟ್ಟಿಗೆ ಸೇರಿಸುತ್ತದೆ. ಹೀಗಿರುವಾಗ ಬೆಂಗಳೂರಿನಿಂದ ವಿಮಾನ ಹತ್ತಿ, ಪೆಟ್ರೋಲು ಸುಡುತ್ತ ಪ್ರಾಣಿ ಹುಡುಕುವುದನ್ನು ಏನೆನ್ನಬೇಕು? ಮನೆಯಲ್ಲೇ ಇರುವುದು ಲೇಸಲ್ಲವೇ? ಇದಕ್ಕೆ ಉತ್ತರ ‘ನಿಷ್ಫಲ’ ಎಂಬಲ್ಲಿದೆ. ಫಲ ಇದೆಯೇ ಎಂದು ಕ್ರೂಗರ್‌ನ ಉತ್ತರ ತುದಿಯ ಪಫೂರಿಯನ್ನು ಕೇಳಬೇಕು. ಅಲ್ಲಿನ ಮಕುಲೆಕೆ ಜನರನ್ನು 1969ರಲ್ಲಿ ವರ್ಣಭೇದ ಸರ್ಕಾರ ಬಲವಂತವಾಗಿ ಎಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. 1998ರಲ್ಲಿ ನೆಲ ಅವರಿಗೆ ಮರಳಿತು. ಆದರೆ ಅವರು ಅಲ್ಲಿಗೆ ವಾಪಸು ಹೋಗಿ ಹೊಲ ಮಾಡಲಿಲ್ಲ. ಕಾಡನ್ನು ಕಾಡಾಗಿಯೇ ಉಳಿಸಿ ಪ್ರವಾಸೋದ್ಯಮದಿಂದ ಬರುವ ಆದಾಯದ ದಾರಿ ಹಿಡಿದರು. ನೋಡಲು ಬರುವವರೇ ಇಲ್ಲದಿದ್ದರೆ ಆ ನಿರ್ಧಾರ ಅವರಿಗೆ ದುಬಾರಿಯಾಗುತ್ತಿತ್ತು. ಆದ್ದರಿಂದ ಸಫಾರಿ ಫಲವಿಲ್ಲದ ಅಲೆದಾಟ ಎನ್ನಲಾಗದು. ಆದರೆ ಕಾರಿನಲ್ಲಿ ಕುಳಿತವನು ಅದೇ ಉಸಿರಿನಲ್ಲಿ ಇನ್ನೊಂದನ್ನೂ ಒಪ್ಪಬೇಕು: ತಾನು ‘ಮನುಷ್ಯರಿಲ್ಲದ ಅಪ್ಪಟ ಕಾಡು’ ಎಂದು ಫ್ರೇಮು ಕಟ್ಟುತ್ತಿರುವ ನೋಟದ ಹಿಂದೆ ಎಬ್ಬಿಸಿ ಕಳಿಸಿದ ಊರುಗಳಿವೆ. ಹಣ ಫಲವನ್ನು ಕೊಡುತ್ತದೆ, ಪ್ರಮಾದಕ್ಕೆ ಮಾಫಿ ಕೊಡುವುದಿಲ್ಲ. ಶುಲ್ಕ ಕಟ್ಟಿದ್ದೇನೆ ಎನ್ನುವವನಿಗೂ ಸಗಣಿಹುಳಕ್ಕೂ ಯಾವ ಒಪ್ಪಂದವೂ ಆಗಿಲ್ಲ.

ಇನ್ನು ಚಿತ್ರದ ಮಾತು. ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20, 30 ಚಿತ್ರ ತೆಗೆಯುತ್ತವೆ. ಕಿಟಕಿಯ ಮೇಲೆ ಬೀನ್ ಬ್ಯಾಗ್, ಅದರ ಮೇಲೆ ಕೈಯುದ್ದದ ಲೆನ್ಸ್, ಬೆರಳು ಎತ್ತುವುದರೊಳಗೆ ಕಾರ್ಡು ಅರ್ಧ ತುಂಬಿರುತ್ತದೆ. ಪರಿಗ್ರಹ ಎಂದರೆ ವಸ್ತುವಲ್ಲ, ಅದರ ಮೇಲಿನ ಮೋಹ ಎಂದು ಉಮಾಸ್ವಾಮಿ ಹೇಳಿದ್ದನ್ನು ಒಪ್ಪಿದರೆ ಸಾವಿರ ಚಿತ್ರ ಇದ್ದದ್ದೇ ತಪ್ಪಾಗುವುದಿಲ್ಲ. ಮೋಹ ಇದೆಯೋ ಇಲ್ಲವೋ ಪರೀಕ್ಷಿಸಲು ಬೇರೆ ದಾರಿ ಇದೆ. ಕ್ಯಾಂಪುಗಳಲ್ಲಿ ಆವತ್ತು ಯಾವ ಪ್ರಾಣಿ ಎಲ್ಲಿ ಕಂಡಿತು ಎಂದು ಬಣ್ಣದ ಗುರುತು ಹಚ್ಚುವ ನಕ್ಷೆಯ ಫಲಕ ಇರುತ್ತದೆ. ಕೊಂಬಿಗಾಗಿ ಕಳ್ಳಬೇಟೆ ಮಿತಿಮೀರಿದ ಮೇಲೆ ಅದರಲ್ಲಿ ಘೇಂಡಾಮೃಗದ ಜಾಗ ತೋರಿಸುವುದನ್ನು ಕೈಬಿಟ್ಟರು. ಕಂಡವರು ಕಂಡೆವು ಎಂದು ಹೇಳದೆ ಸುಮ್ಮನಿರಬೇಕು, ಚಿತ್ರದ ಜೊತೆ ಜಾಗದ ಮಾಹಿತಿ ಹೋಗದಂತೆ ನೋಡಿಕೊಳ್ಳಬೇಕು. ಬಿಗ್ ಫೈವ್‌ನಲ್ಲಿ ಒಂದನ್ನು ಕಂಡೂ ಕೊಚ್ಚಿಕೊಳ್ಳದಿರುವುದು ಎಷ್ಟು ಕಷ್ಟವೆಂದು ಈ ಹವ್ಯಾಸ ಇರುವವರಿಗೆ ಹೇಳಬೇಕಾಗಿಲ್ಲ.

ಕೊನೆಯದಾಗಿ, ವ್ಯವಹಾರ ಬಲ್ಲವರ ಒಂದು ಮಾತಿದೆ. ಚಿರತೆಯ ಸುತ್ತ ಮುತ್ತಿದ ಕಾರುಗಳಲ್ಲಿ ಒಂದು ಮಾತ್ರ ವಿವೇಕದಿಂದ ಹೊರಟುಹೋದರೆ ಆ ಜಾಗಕ್ಕೆ ಮರುಕ್ಷಣ ಇನ್ನೊಂದು ಬರುತ್ತದೆ, ಚಿರತೆಗೆ ಏನು ಬಂತು ಎನ್ನುತ್ತಾರೆ. ಹೆಚ್ಚಿನ ಸಲ ಏನೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಇದೇ ತರ್ಕವನ್ನು ಬೇಟೆಗಾರನೂ ಹೇಳಬಹುದಿತ್ತು: ನಾನು ಹೊಡೆಯದಿದ್ದರೆ ಇನ್ನೊಬ್ಬ ಹೊಡೆಯುತ್ತಾನೆ. ಕೃತ, ಕಾರಿತ, ಅನುಮೋದಿತ ಎಂಬ ಲೆಕ್ಕ ಒಬ್ಬೊಬ್ಬರಿಗೂ ಪ್ರತ್ಯೇಕ. ಪಕ್ಕದ ಕಾರಿನವನ ಖಾತೆ ತುಂಬಿದೆ ಎಂದು ನನ್ನದು ಖಾಲಿಯಾಗುವುದಿಲ್ಲ. ಅಲ್ಲದೆ ಆ ನದಿಪಕ್ಕದ ರಸ್ತೆಯಲ್ಲಿ ಎದುರುಬದುರಾಗಿ ನಿಂತ ಕಾರುಗಳೇ ಎಷ್ಟೋ ಸಲ ಪ್ರಾಣಿ ನದಿಯ ಕಡೆಗೆ ದಾಟುವ ದಾರಿಯನ್ನು ಕಟ್ಟಿರುತ್ತವೆ. ಹಿಂದಕ್ಕೆ ತೆಗೆದುಕೊಂಡು ಹೊರಡುವವನಿಗೆ ಚಿತ್ರ ತಪ್ಪೀತು, ಚಿರತೆ ಆ ಸಂದಿಯಿಂದ ದಾಟೀತು, ಅದರ ಚಿತ್ರ ಹಿಂದಿನ ಕಾರಿನವನಿಗೆ ಸಿಕ್ಕೀತು.